ಲಾರಿ ವಾಪಸ್ಸಾದ ಮೇಲೆ ಏನು?

ಎಲ್ಲೋ ನೆರೆ ಬಂತು, ಚಂಡಮಾರುತ ಬೀಸಿತು ಎಂದು ಟಿವಿಯಲ್ಲಿ ಸುದ್ದಿ ಬಂದ ಮೂರನೇ ದಿನಕ್ಕೆ ನಮ್ಮ ಹೊರನಾಡ ಕನ್ನಡ ಸಂಘಗಳ ಕಚೇರಿಯಲ್ಲಿ ಒಂದು ಲಾರಿ ತುಂಬುವಷ್ಟು ಅಕ್ಕಿ, ಬಟ್ಟೆ, ಹೊದಿಕೆ, ಬಿಸ್ಕತ್ತು ಪೊಟ್ಟಣ ಸೇರಿರುತ್ತದೆ. ಲಾರಿಗೆ ಬ್ಯಾನರ್ ಕಟ್ಟಿ, ತೆಂಗಿನಕಾಯಿ ಒಡೆದು, ಹಿರಿಯರೊಬ್ಬರು ಬಾವುಟ ತೋರಿಸಿ ಬೀಳ್ಕೊಡುತ್ತಾರೆ. ಮರುದಿನ ಇದೇ ಪುಟದಲ್ಲಿ ಚಿತ್ರ ಬರುತ್ತದೆ. ಇದನ್ನು ನಾನು ಹಗುರವಾಗಿ ಹೇಳುತ್ತಿಲ್ಲ. ಪರಊರಿನಲ್ಲಿ ದುಡಿದು ತಿನ್ನುವ ಜನ ಎರಡೇ ದಿನದಲ್ಲಿ ಇಷ್ಟನ್ನು ಒಟ್ಟುಗೂಡಿಸುವುದು ನಿಜಕ್ಕೂ ಶ್ಲಾಘನೀಯ. ಆದರೆ ಆ ಲಾರಿ ಖಾಲಿಯಾಗಿ ವಾಪಸ್ಸು ಬಂದ ಮೇಲೆ ಆ ಊರಿನಲ್ಲಿ ಏನಾಯಿತು ಎಂಬ ವರದಿಯನ್ನು ನಮ್ಮ ಯಾವುದೇ ಸಂಘದ ವಾರ್ಷಿಕ ವರದಿಯಲ್ಲಿ ನಾನು ಓದಿಲ್ಲ.

ಈ ಮಾತು ಈಗ ಏಕೆಂದರೆ, 2024ರ ಜುಲೈ 16ರಂದು ಉತ್ತರ ಕನ್ನಡದ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ ಪಕ್ಕದ ಗುಡ್ಡ ಕುಸಿದಾಗ ನಮ್ಮಲ್ಲಿ ಸಂಗ್ರಹವಾದ ಹಣದಲ್ಲಿ ಖರ್ಚು ಕಳೆದು ಉಳಿದ ಲಕ್ಷ ಚಿಲ್ಲರೆ ರೂಪಾಯಿ ಠೇವಣಿಯಲ್ಲಿದೆ. ಬರುವ ಮಹಾಸಭೆಯಲ್ಲಿ ಆ ನಿಧಿಯನ್ನು ಮುಕ್ತಾಯಗೊಳಿಸಿ, ಹಣವನ್ನು ಸಭಾಂಗಣದ ಧ್ವನಿವರ್ಧಕಕ್ಕೆ ಬಳಸಬೇಕೆಂಬ ಸಲಹೆ ಬಂದಿದೆ. ಸಲಹೆ ಕೊಟ್ಟವರು ನನಗೆ ಹಿರಿಯರು, ಗೌರವಾನ್ವಿತರು. ನಮ್ಮ ಧ್ವನಿವರ್ಧಕ ಕೆಟ್ಟಿರುವುದೂ ನಿಜವೇ. ಹೋದ ರಾಜ್ಯೋತ್ಸವದಲ್ಲಿ ಅಧ್ಯಕ್ಷರ ಭಾಷಣಕ್ಕಿಂತ ಅದರ ಕಿರುಚಾಟವೇ ಹೆಚ್ಚು ಕೇಳಿಸಿತು. ಆದರೂ ಈ ಸಲಹೆಯನ್ನು ನಾನು ಒಪ್ಪುವುದಿಲ್ಲ. ಯಾಕೆ ಒಪ್ಪುವುದಿಲ್ಲ ಎಂದು ಸಭೆಯ ಮೂರು ನಿಮಿಷದಲ್ಲಿ ಹೇಳಲಾಗದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಶಿರೂರಿನ ಗುಡ್ಡ ಕುಸಿದಾಗ ಇಡೀ ದೇಶ ನೋಡಿದ್ದು ಗಂಗಾವಳಿ ನದಿಯಲ್ಲಿ ಮುಳುಗಿದ ಲಾರಿಯನ್ನು. ಮಲ್ಪೆಯಿಂದ ಈಶ್ವರ್ ಮಲ್ಪೆಯವರು ತಮ್ಮ ತಂಡ ಕಟ್ಟಿಕೊಂಡು ಬಂದು, ಆ ಸೆಳೆತದ ಕೆಂಪು ನೀರಿಗೆ ಧುಮುಕಿ ಹುಡುಕಿದರು. ಲಾರಿ ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ. ಅದೇ ದಿನಗಳಲ್ಲಿ ನದಿಯ ಎದುರು ದಡದ ಉಳುವರೆ ಗ್ರಾಮದ ಸುದ್ದಿ ಒಳಪುಟದಲ್ಲಿತ್ತು. ಗುಡ್ಡದ ಮಣ್ಣು ನದಿಗೆ ಬಿದ್ದ ರಭಸಕ್ಕೆ ನೀರು ಅಲೆಯಾಗಿ ಎದ್ದು ಆಚೆ ದಡದ ಮನೆಗಳನ್ನು ಕೆಡವಿತು, ಒಬ್ಬ ಮಹಿಳೆ ಕೊಚ್ಚಿಹೋದರು. ಗುಡ್ಡದ ಕೆಳಗೆ ಸಿಕ್ಕಿದ್ದು ಹೆದ್ದಾರಿಯಾದ್ದರಿಂದ ಅಲ್ಲಿಗೆ ಯಂತ್ರಗಳು ಬಂದವು, ಮಂತ್ರಿಗಳು ಬಂದರು. ಉಳುವರೆಯವರ ಪಾಡು ಊರಿನ ಪಾಡು. ಊರು ಮತ್ತೆ ಊರಾಗುವುದಕ್ಕೆ ವರ್ಷಗಳು ಬೇಕು, ಅಷ್ಟು ದಿನ ಕ್ಯಾಮೆರಾ ಕಾಯುವುದಿಲ್ಲ.

ನಾವು ಇರುವುದು ಹೈದರಾಬಾದಿನಲ್ಲಿ. ಚಂಡಮಾರುತವೆಂದರೆ ಏನು, ಪುನರ್ವಸತಿ ಎಂದರೆ ಏನು ಎಂದು ತಿಳಿಯಲು ನಾವು ದೂರ ಹೋಗಬೇಕಿಲ್ಲ. ನಮ್ಮ ಪಕ್ಕದ ಮನೆಯ ತೆಲುಗು ಹಿರಿಯರನ್ನು ದಿವಿಸೀಮ ಎಂದು ಕೇಳಿದರೆ ಸಾಕು, ಮಾತು ನಿಲ್ಲಿಸಿ ಒಂದು ಕ್ಷಣ ಸುಮ್ಮನಾಗುತ್ತಾರೆ. 1977ರ ನವೆಂಬರ್ 19, ಶನಿವಾರ. ಕೃಷ್ಣಾ ನದಿ ಕವಲೊಡೆದು ಸಮುದ್ರ ಸೇರುವ ಆ ದ್ವೀಪದಂಥ ನೆಲಕ್ಕೆ ಸುಮಾರು 5 ಮೀಟರ್ ಎತ್ತರದ ಅಲೆ ನುಗ್ಗಿತು. ಸತ್ತವರು 10 ಸಾವಿರಕ್ಕೂ ಹೆಚ್ಚು. ಸೊರ್ಲಗೊಂದಿಯಂಥ ಹಳ್ಳಿಗಳು ಒಂದೇ ರಾತ್ರಿಯಲ್ಲಿ ಅಳಿಸಿಹೋದವು. ಅಲೆ ಎಲ್ಲಿಯವರೆಗೆ ಬಂದು ನಿಂತಿತೋ ಅಲ್ಲಿ, ಅವನಿಗಡ್ಡದ ಹತ್ತಿರ, ಸ್ಮಾರಕವೊಂದಿದೆ. ಎನ್.ಟಿ. ರಾಮರಾವ್ ಮತ್ತು ಅಕ್ಕಿನೇನಿ ನಾಗೇಶ್ವರರಾವ್ ಜೋಳಿಗೆ ಹಿಡಿದು ಬೀದಿಬೀದಿ ಸುತ್ತಿ ಹಣ ಸಂಗ್ರಹಿಸಿದ್ದನ್ನು ಜನ ಈಗಲೂ ಹೇಳುತ್ತಾರೆ.

ಆದರೆ ದಿವಿಸೀಮದ ದೊಡ್ಡ ಕೆಲಸ ಜೋಳಿಗೆ ತುಂಬಿದ ನಂತರದ್ದು. ರಾಮಕೃಷ್ಣ ಮಿಷನ್, ಚರ್ಚ್ ಸಂಸ್ಥೆಗಳು, ಬೇರೆ ಬೇರೆ ವಿಚಾರಧಾರೆಯ ಸ್ವಯಂಸೇವಾ ಸಂಸ್ಥೆಗಳು ಒಂದೊಂದು ಹಳ್ಳಿಯನ್ನು ವಹಿಸಿಕೊಂಡು ಮನೆ ಕಟ್ಟಿದವು. ಆ ಭಾಗದ ನಾಯಕರಾದ ಮಂಡಲಿ ವೆಂಕಟಕೃಷ್ಣರಾವ್ ಅವರ ಹೆಸರನ್ನು ಅಲ್ಲಿಯವರು ಇಂದಿಗೂ ನೆನೆಯುವುದು ಅವರು ಮಂತ್ರಿಯಾಗಿದ್ದರೆಂದಲ್ಲ, ಈ ಪುನರ್ವಸತಿ ಕೆಲಸಕ್ಕೆ ನಿಂತರೆಂದು. ಗದ್ದೆಗೆ ನುಗ್ಗಿದ ಉಪ್ಪುನೀರು ಒಂದು ಮಳೆಗೆ ತೊಳೆದುಹೋಗುವುದಿಲ್ಲ. ಕಾಲುವೆಯ ಸಿಹಿನೀರು ನಿಲ್ಲಿಸಿ, ಬಸಿದು, ಮತ್ತೆ ನಿಲ್ಲಿಸಿ ಉಪ್ಪನ್ನು ಇಳಿಸಬೇಕು. ಹೆಣ, ದನಕರುಗಳ ಕಳೇಬರ ಬಿದ್ದ ಕೆರೆ ಬಾವಿಗಳನ್ನು ಪೂರ್ತಿ ಖಾಲಿ ಮಾಡಿ, ಬ್ಲೀಚಿಂಗ್ ಪುಡಿ ಹಾಕಿ ಮತ್ತೆ ತುಂಬಿಸಬೇಕು. ಇದರಲ್ಲಿ ಫೋಟೋ ತೆಗೆಯುವಂಥದ್ದು ಏನೂ ಇಲ್ಲ. ಆಮೇಲೆ ಕರಾವಳಿಯುದ್ದಕ್ಕೂ ಚಂಡಮಾರುತ ಆಸರೆ ಕಟ್ಟಡಗಳು ಎದ್ದವು, ಮುನ್ನೆಚ್ಚರಿಕೆಯ ವ್ಯವಸ್ಥೆ ಬಲವಾಯಿತು. 1990ರ ಮೇ ತಿಂಗಳಲ್ಲಿ ಅಂಥದೇ ಭೀಕರ ಚಂಡಮಾರುತ ಅದೇ ಕರಾವಳಿಗೆ ಅಪ್ಪಳಿಸಿದಾಗ, ಲಕ್ಷಗಟ್ಟಲೆ ಜನರನ್ನು ಮೊದಲೇ ಸ್ಥಳಾಂತರಿಸಿದ್ದರಿಂದ ಸಾವು ಸಾವಿರದ ಒಳಗೇ ನಿಂತಿತು. ಹತ್ತು ಸಾವಿರಕ್ಕೂ ಸಾವಿರಕ್ಕೂ ಇರುವ ಈ ವ್ಯತ್ಯಾಸ ಹಳೆ ಬಟ್ಟೆಯಿಂದ ಬಂದದ್ದಲ್ಲ.

ಹಳೆ ಬಟ್ಟೆಯ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ತಮಿಳುನಾಡಿನ ನಾಗಪಟ್ಟಿಣಂ ಜಿಲ್ಲೆಯೊಂದರಲ್ಲೇ ಆರು ಸಾವಿರಕ್ಕೂ ಹೆಚ್ಚು ಜನ ಸತ್ತರು. ದೇಶದ ಮೂಲೆಮೂಲೆಯಿಂದ ಬಟ್ಟೆ ಬಂತು. ಮೀನುಗಾರರು ಅದನ್ನು ಮುಟ್ಟಲಿಲ್ಲ, ರಸ್ತೆ ಬದಿಯಲ್ಲಿ ರಾಶಿ ಬಿದ್ದು ಮಳೆಯಲ್ಲಿ ಕೊಳೆಯಿತು. ಅವರಿಗೆ ಅಹಂಕಾರ ಎಂದು ಆಗ ಕೆಲವರು ಆಡಿಕೊಂಡರು. ಸ್ವಂತ ದೋಣಿ ಇಟ್ಟುಕೊಂಡು ನಾಲ್ಕು ಜನಕ್ಕೆ ಪಾಲು ಕೊಡುತ್ತಿದ್ದ ಮನುಷ್ಯ ಇನ್ನೊಬ್ಬರು ಉಟ್ಟು ಬಿಟ್ಟ ಪ್ಯಾಂಟು ತೊಡಬೇಕೇ? ನಮ್ಮ ಮನೆಯ ಹಿರಿಯರಿಗೆ ನಾವು ಹಾಗೆ ಕೊಡುತ್ತೇವೆಯೇ?

ಬಟ್ಟೆಗಿಂತ ದೊಡ್ಡ ತಪ್ಪು ದೋಣಿಯದು. ದಾನಿಗಳಿಗೆ ದೋಣಿ ಕೊಡುವುದೆಂದರೆ ಬಲು ಇಷ್ಟ. ಹೆಸರು ಬರೆಸಬಹುದು, ಸಾಲಾಗಿ ನಿಲ್ಲಿಸಿ ಚಿತ್ರ ತೆಗೆಸಬಹುದು. ಹೀಗಾಗಿ ಕೆಲವು ಕಡೆ ಸುನಾಮಿಗೆ ಮುಂಚೆ ಇದ್ದದ್ದಕ್ಕಿಂತ ಹೆಚ್ಚು ಫೈಬರ್ ದೋಣಿಗಳಾದವು. ಕೂಲಿಗೆ ಹೋಗುತ್ತಿದ್ದವರೂ ಮಾಲೀಕರಾದರು, ದೋಣಿ ನಡೆಸಲು ಆಳಿಲ್ಲ. ಕೆಲವು ದೋಣಿ ಅಲ್ಲಿನ ಅಲೆಗೆ ಹೊಂದಲಿಲ್ಲ, ಕೆಲವಕ್ಕೆ ಫೈಬರ್ ಪದರವೇ ತೆಳು. ಇತ್ತ ತಾತ್ಕಾಲಿಕ ಶೆಡ್ಡುಗಳಲ್ಲಿ ಜನ ಬೇಸಿಗೆಯಲ್ಲಿ ಬೆಂದರು, ಮಳೆಗಾಲದಲ್ಲಿ ನೆನೆದರು. ಪಕ್ಕಾ ಮನೆಯ ಬೀಗದ ಕೈ ಕೈಗೆ ಬರುವಷ್ಟರಲ್ಲಿ ವರ್ಷಗಳೇ ಕಳೆದಿದ್ದವು. ಇದರ ನಡುವೆ ಒಂದು ಒಳ್ಳೆಯ ಕೆಲಸವೂ ನಡೆಯಿತು. ಯಾವ ಊರಿಗೆ ಏನು ಬೇಕು, ಯಾರು ಏನು ಕೊಡುತ್ತಿದ್ದಾರೆ ಎಂದು ಲೆಕ್ಕ ಇಡಲು ಅಲ್ಲಿನ ಸ್ವಯಂಸೇವಾ ಸಂಸ್ಥೆಗಳು 2005ರ ಜನವರಿಯಲ್ಲೇ ಒಂದು ಸಮನ್ವಯ ಕೇಂದ್ರ ತೆರೆದವು. ಕೊಡುವವರಿಗಿಂತ ಲೆಕ್ಕ ಇಡುವವರು ಮುಖ್ಯವಾಗುವ ಕಾಲವೊಂದು ಬರುತ್ತದೆ ಎಂದು ನನ್ನಂಥ ಗುಮಾಸ್ತನಿಗೆ ಅದರಿಂದ ಸ್ವಲ್ಪ ಸಮಾಧಾನ.

ಇನ್ನು ನಾನು ಕಣ್ಣಾರೆ ಕಂಡದ್ದು. 2014ರ ಅಕ್ಟೋಬರ್ 12, ಭಾನುವಾರ, ಹುದ್‌ಹುದ್ ಚಂಡಮಾರುತ ಗಂಟೆಗೆ ಸುಮಾರು 180 ಕಿ.ಮೀ. ವೇಗದಲ್ಲಿ ವಿಶಾಖಪಟ್ಟಣದ ಮೇಲೆ ಬಂತು. ವಿಮಾನ ನಿಲ್ದಾಣದ ಚಾವಣಿ ಕಿತ್ತುಹೋಯಿತು, ನಗರದ ಮರಗಳು ಉರುಳಿದವು, ದಿನಗಟ್ಟಲೆ ಕರೆಂಟಿಲ್ಲ. ರಾಜ್ಯ ಎರಡಾಗಿ ನಾಲ್ಕು ತಿಂಗಳಾಗಿತ್ತಷ್ಟೆ. ಹೈದರಾಬಾದಿನಿಂದ ಹೋದ ಲಾರಿಗಳಿಗೆ ಆಗ ಲೆಕ್ಕವಿಲ್ಲ. ನಾವು ಬಾಲಾನಗರದ ಎಂಟು ಮಂದಿ ಗೋದಾವರಿ ಎಕ್ಸ್‌ಪ್ರೆಸ್ ಹತ್ತಿದ್ದು ಡಿಸೆಂಬರಿನಲ್ಲಿ, ಎಲ್ಲರೂ ಹೋಗಿ ಬಂದ ಮೇಲೆ. ಎಂಟರಲ್ಲಿ ಇಬ್ಬರು ವೆಲ್ಡರ್‌ಗಳು, ಒಬ್ಬರು ಟೂಲ್‌ರೂಮಿನ ಟರ್ನರ್, ಒಬ್ಬರು ನಿವೃತ್ತ ಎಲೆಕ್ಟ್ರಿಷಿಯನ್, ಒಬ್ಬರು ಡೀಸೆಲ್ ಮೆಕ್ಯಾನಿಕ್, ಹೋಟೆಲಿನ ಅಡುಗೆಯವರೊಬ್ಬರು, ಒಬ್ಬ ಕಾಲೇಜು ಹುಡುಗ, ಮತ್ತೆ ನಾನು. ಭೀಮುನಿಪಟ್ಟಣದ ಆಚೆಯ ಒಂದು ಮೀನುಗಾರರ ಹಳ್ಳಿಗೆ ಹೋದೆವು. ಅಲ್ಲಿಯ ಹುಡುಗನೊಬ್ಬ ಬಾಲಾನಗರದ ವರ್ಕ್‌ಶಾಪಿನಲ್ಲಿ ಕೆಲಸ ಮಾಡುತ್ತಿದ್ದ, ಅವನೇ ಕರೆದದ್ದು. ಕರೆಯದೆ ಹೋಗಬಾರದು ಎಂಬುದು ನನ್ನ ಮೊದಲ ನಿಯಮ.

ಸಮುದ್ರದ ನೀರು ಹೊಕ್ಕ ಔಟ್‌ಬೋರ್ಡ್ ಎಂಜಿನ್ನಿನ ಬಗ್ಗೆ ನನಗೆ ಆಗ ಏನೂ ಗೊತ್ತಿರಲಿಲ್ಲ. ನಮ್ಮ ಮೆಕ್ಯಾನಿಕ್ ಹೇಳಿದರು: ಮುಳುಗಿದ ಎಂಜಿನ್ನನ್ನು ಎತ್ತಿದ ಕೂಡಲೇ ಪ್ಲಗ್ ಬಿಚ್ಚಿ, ಸಿಹಿನೀರಿನಲ್ಲಿ ತೊಳೆದು, ಒಳಗೆಲ್ಲ ಎಣ್ಣೆ ಓಡಿಸಿದ್ದರೆ ಮುಕ್ಕಾಲುಪಾಲು ಉಳಿಯುತ್ತಿದ್ದವು. ಮೊದಲ ವಾರದಲ್ಲಿ ಸಿಹಿನೀರು ಕುಡಿಯಲಿಕ್ಕೇ ಇರಲಿಲ್ಲ, ಎಂಜಿನ್ ತೊಳೆಯುವುದೆಲ್ಲಿ ಬಂತು? ಎರಡು ತಿಂಗಳಲ್ಲಿ ಉಪ್ಪು ತಿಂದು ಬೇರಿಂಗುಗಳು ಕಚ್ಚಿಕೊಂಡಿದ್ದವು. ಆದರೂ ಮೂರು ಕೆಟ್ಟ ಎಂಜಿನ್ನು ಬಿಚ್ಚಿ ಎರಡು ಓಡುವ ಎಂಜಿನ್ನು ಮಾಡಬಹುದು ಎಂದು ಅವರು ಲೆಕ್ಕ ಹಾಕಿದರು. ಸವೆದ ಶಾಫ್ಟುಗಳನ್ನು ನಮ್ಮ ಟರ್ನರ್ ಅಳತೆ ತೆಗೆದುಕೊಂಡು, ಬಾಲಾನಗರಕ್ಕೆ ಬಂದು, ರಾತ್ರಿ ಪಾಳಿಯ ನಂತರ ಲೇಥಿನ ಮೇಲೆ ಹೊಸದಾಗಿ ಕಡೆದು ಪಾರ್ಸೆಲ್ ಮಾಡಿದರು. ವೆಲ್ಡರ್‌ಗಳು ಬಲೆ ಇಡುವ ಶೆಡ್ಡಿನ ಬಾಗಿದ ಕಂಬಿಗಳನ್ನು ನೆಟ್ಟಗೆ ಮಾಡಿದರು. ನಮ್ಮ ಅಡುಗೆಯವರು ನಮಗಷ್ಟೇ ಬೇಯಿಸುವೆನೆಂದು ಬಂದವರು, ಮೂರನೇ ದಿನದಿಂದ ಕೆಲಸಕ್ಕೆ ನಿಂತ ಊರಿನವರಿಗೂ ಬೇಯಿಸುತ್ತಿದ್ದರು. ಸಾಂಬಾರಿಗೆ ಬೆಲ್ಲ ಹಾಕಿದ್ದಕ್ಕೆ ಊರಿನವರು ತಮಾಷೆ ಮಾಡಿದರು. ಅದನ್ನು ಅವರು ಇವತ್ತಿಗೂ ಕ್ಷಮಿಸಿಲ್ಲ.

ನನ್ನ ಕೈಗೆ ಸುತ್ತಿಗೆ ಕೊಟ್ಟರೆ ಮೊದಲು ನನ್ನ ಹೆಬ್ಬೆರಳೇ ಹೋಗುತ್ತದೆ. ಹಗಲು ಕ್ಯಾಂಟೀನಿನಲ್ಲಿ ದುಡಿದು ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮಾಡಿದವನು ನಾನು, ಮೂವತ್ತು ವರ್ಷದಿಂದ ಬ್ಯಾಂಕಿನ ಕೌಂಟರಿನ ಹಿಂದೆ ಕೂತವನು. ಒಂದು ಜಗಲಿಯ ಮೇಲೆ ಕೂತು, ಏನಾದರೂ ಕಾಗದ ಬರೆಯುವುದಿದ್ದರೆ ಬರೆದುಕೊಡುತ್ತೇನೆ ಎಂದೆ. ಮೀನು ಮಾರುವ ಒಬ್ಬ ಅಜ್ಜಿ ಎದುರಿಗೆ ಬಂದು ಕೂತು, ತೆಲುಗಿನಲ್ಲಿ ಹೇಳಿದರು: “ಅಕ್ಕಿ ಮೂರು ಸಲ ಬಂತು ಬಾಬೂ. ನನ್ನ ಪಾಸ್‌ಬುಕ್ಕು ಎಲ್ಲಿಂದ ಬರುತ್ತದೆ?” ಅಂದು ಸಂಜೆಯೊಳಗೆ ಜಗಲಿಯ ಮುಂದೆ ನಲವತ್ತು ಜನ.

ಪರಿಹಾರದ ಹಣ ಖಾತೆಗೇ ಬರುತ್ತದೆ, ಸರಿ. ಆದರೆ ಪಾಸ್‌ಬುಕ್ಕು ನೀರುಪಾಲು, ಆಧಾರ್ ಚೀಟಿ ಮುದ್ದೆ, ಪಡಿತರ ಚೀಟಿ ಇಲ್ಲ. ದೋಣಿಯ ಪರಿಹಾರಕ್ಕೆ ನೋಂದಣಿ ಸಂಖ್ಯೆ ಬೇಕು, ದೋಣಿಯೇ ಇಲ್ಲ. ಖಾತೆ ಇರುವ ಶಾಖೆಗೆ ಹೋದರೆ ಗುರುತಿನ ಚೀಟಿ ತನ್ನಿ ಎನ್ನುತ್ತಾರೆ, ಗುರುತಿನ ಚೀಟಿಗೆ ಹೋದರೆ ವಿಳಾಸದ ದಾಖಲೆ ತನ್ನಿ ಎನ್ನುತ್ತಾರೆ. ಮನೆಯೇ ಹೋದವರಿಗೆ ವಿಳಾಸ ಯಾವುದು? ನಿಯಮದಲ್ಲಿ ದಾರಿ ಇಲ್ಲವೆಂದಲ್ಲ. ಪ್ರಕೃತಿ ವಿಕೋಪಕ್ಕೆ ತುತ್ತಾದವರಿಗೆ ಗುರುತಿನ ದಾಖಲೆಯಲ್ಲಿ ಸಡಿಲಿಕೆ ಕೊಟ್ಟು ಖಾತೆ ತೆರೆಯಬೇಕು, ಸಾಲದ ಕಂತು ಮುಂದೂಡಿ ಮರುಹೊಂದಿಸಬೇಕು ಎಂದು ರಿಸರ್ವ್ ಬ್ಯಾಂಕಿನ ಸೂಚನೆಗಳಿವೆ. ಈ ದಾರಿ ಕೌಂಟರಿನ ಈಚೆ ನಿಂತವರಿಗೆ ಕಾಣುವುದಿಲ್ಲ, ಆಚೆ ಕೂತವರಿಗೆ ಹೇಳಲು ಪುರುಸೊತ್ತಿಲ್ಲ. ಸಮುದ್ರಕ್ಕೆ ಹೋಗಿ ಬಾರದವರ ಮನೆಯವರ ಗತಿ ಇನ್ನೂ ಕಷ್ಟ. ಹೆಣ ಸಿಗದಿದ್ದರೆ ಕಾನೂನಿನ ಪ್ರಕಾರ ಏಳು ವರ್ಷ ಕಾಯಬೇಕು. ಸಣ್ಣ ಮೊತ್ತವಾದರೆ ಎಫ್‌ಐಆರ್, ಪತ್ತೆಯಾಗಿಲ್ಲವೆಂಬ ಪೊಲೀಸ್ ವರದಿ ಮತ್ತು ಮುಚ್ಚಳಿಕೆ ಪತ್ರದ ಮೇಲೆ ಬ್ಯಾಂಕು ಹಣ ಕೊಡಬಹುದೆಂಬ ಸೂಚನೆ 2008ರಷ್ಟು ಹಿಂದಿನದು. ಇದನ್ನು ಒಬ್ಬ ವಿಧವೆಗೆ ಯಾರು ಹೇಳಬೇಕು? ಒಂಬತ್ತು ದಿನದಲ್ಲಿ ನಾನು ಬರೆದದ್ದು ಅರ್ಜಿಗಳನ್ನು ಮಾತ್ರ. ಮರುವರ್ಷ ಮೂರು ಸಲ ಹೋಗಿ ಬಂದೆವು. ಆ ಅಜ್ಜಿಯ ಪಾಸ್‌ಬುಕ್ಕು ಎರಡನೇ ಸಲ ಹೋದಾಗ ಬಂದಿತ್ತು.

ಇದನ್ನು ಹೊಗಳಿಕೆಗೆ ಬರೆಯುತ್ತಿಲ್ಲ. ಎಂಟು ಜನ ಒಂದು ಊರನ್ನು ಕಟ್ಟಲಾರರು, ಕಟ್ಟಿದವರು ಆ ಊರಿನವರೇ. ನಾನು ಹೇಳುವುದು ಬಾಲಾನಗರದ ಬಗ್ಗೆ. 1960ರ ದಶಕದಲ್ಲಿ ಇಲ್ಲಿಗೆ ಐಡಿಪಿಎಲ್ ಬಂತು, ಎಚ್‌ಎಎಲ್ ಬಂತು, ಟೂಲ್ ಡಿಸೈನ್ ಸಂಸ್ಥೆ ಬಂತು. ಅವುಗಳ ನೆರಳಿನಲ್ಲಿ ನೂರಾರು ಸಣ್ಣ ವರ್ಕ್‌ಶಾಪುಗಳು ಹುಟ್ಟಿದವು. ಕೆಲಸ ಹುಡುಕಿಕೊಂಡು ಬೀದರ, ಕಲಬುರಗಿ, ರಾಯಚೂರಿನಿಂದ ಬಂದವರು, ಬೆಂಗಳೂರಿನಿಂದ ವರ್ಗವಾಗಿ ಬಂದವರು, ಕರಾವಳಿಯಿಂದ ಹೋಟೆಲಿಗೂ ಬ್ಯಾಂಕಿಗೂ ಬಂದವರು, ಹೀಗೆ ನಮ್ಮ ಸದಸ್ಯರ ಪಟ್ಟಿಯಲ್ಲಿ ಫಿಟ್ಟರ್, ಟರ್ನರ್, ವೆಲ್ಡರ್, ಎಲೆಕ್ಟ್ರಿಷಿಯನ್, ನರ್ಸು, ಶಿಕ್ಷಕಿ, ಅಕೌಂಟೆಂಟ್ ಎಲ್ಲರೂ ಇದ್ದಾರೆ. ಅವರನ್ನು ನಾವು ಕರೆಯುವುದು ರಾಜ್ಯೋತ್ಸವದ ಪೆಂಡಾಲಿಗೆ ಲೈಟು ಕಟ್ಟಲು ಮಾತ್ರ.

ಪ್ರತಿ ಸೆಪ್ಟೆಂಬರ್ 15ಕ್ಕೆ ನಾವು ಸರ್ ಎಂ. ವಿಶ್ವೇಶ್ವರಯ್ಯನವರ ಭಾವಚಿತ್ರಕ್ಕೆ ಹಾರ ಹಾಕುತ್ತೇವೆ. ಅವರು ಹೈದರಾಬಾದಿಗೆ ಬಂದದ್ದು ಯಾಕೆ ಎಂಬುದನ್ನು ನಮ್ಮ ಮಕ್ಕಳಿಗೆ ಹೇಳುತ್ತೇವೆಯೇ? 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಈ ನಗರದಲ್ಲಿ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ಮರುವರ್ಷ ನಿಜಾಮರ ಸರ್ಕಾರ ಅವರನ್ನು ಕರೆಸಿತು. ನದಿಗೆ ಮೇಲ್ಗಡೆಯೇ ಜಲಾಶಯ ಕಟ್ಟಿ ನೆರೆ ತಡೆಯಬೇಕೆಂದು ಅವರು ಯೋಜನೆ ಹಾಕಿಕೊಟ್ಟರು. ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ಆ ಯೋಚನೆಯ ಫಲ. ಸಂತ್ರಸ್ತ ಊರಿಗೆ ಒಬ್ಬ ಕನ್ನಡಿಗ ತನ್ನ ಕಸುಬಿನೊಂದಿಗೆ ಬಂದ ಉದಾಹರಣೆ ನಮ್ಮ ಗೋಡೆಯ ಮೇಲೇ ತೂಗುತ್ತಿದೆ.

ಹಿರಿಯರು ಕೆಲವು ಆಕ್ಷೇಪ ಎತ್ತಿದ್ದಾರೆ. ನಮ್ಮದು ಸಾಂಸ್ಕೃತಿಕ ಸಂಘ, ಯಕ್ಷಗಾನ, ನಾಟಕ, ಮಕ್ಕಳ ಕನ್ನಡ ತರಗತಿ ನಮ್ಮ ಕೆಲಸ, ಇದೆಲ್ಲ ಸರ್ಕಾರದ್ದು ಎನ್ನುತ್ತಾರೆ. ಹಾಗಿದ್ದರೆ ಲಾರಿಯೂ ನಮ್ಮದಲ್ಲ. ಹಣವನ್ನು ಮುಖ್ಯಮಂತ್ರಿಗಳ ಪರಿಹಾರ ನಿಧಿಗೆ ಕೊಟ್ಟು ಕೈ ತೊಳೆದುಕೊಳ್ಳಬಾರದೇ ಎನ್ನುವವರಿಗೆ ನನ್ನ ಉತ್ತರ, ಮೊದಲ ತಿಂಗಳಲ್ಲಿ ಅದೇ ಸರಿ. ಅಕ್ಕಿ ಬಟ್ಟೆ ಹೊತ್ತು ಹೋಗುವುದಕ್ಕಿಂತ ಹಣ ಕೊಡುವುದು ಸಾವಿರ ಪಾಲು ಮೇಲು. ಚೆಕ್ಕಿನಲ್ಲೋ ಆನ್‌ಲೈನಿನಲ್ಲೋ ಕೊಡಿ, ಎರಡು ಸಾವಿರ ಮೀರಿದ ನಗದಿಗೆ ತೆರಿಗೆ ವಿನಾಯಿತಿ ಸಿಗದು. ಅನುಭವವಿಲ್ಲದವರು ಹೋಗಿ ಸಂತ್ರಸ್ತರಿಗೇ ಹೊರೆಯಾಗುತ್ತಾರೆ ಎಂಬ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ. ಅದಕ್ಕೇ ಕಸುಬು ಗೊತ್ತಿದ್ದವರೇ, ಕರೆದ ಮೇಲೆಯೇ, ತಮ್ಮ ಊಟ ಹಾಸಿಗೆ ತಾವೇ ಒಯ್ದು, ಬ್ಯಾನರ್ ಇಲ್ಲದೆ ಹೋಗಬೇಕು ಎನ್ನುತ್ತಿದ್ದೇನೆ. ರಜೆಯ ಕಷ್ಟ ನನಗೂ ಗೊತ್ತು. ಅಳಿಯನ ಊರಿನ ಜಾತ್ರೆಗೆ ರಜೆ ಸಿಗುತ್ತದೆ ಎಂಬುದೂ ಗೊತ್ತು.

ಹಣದ ದಾರಿಯನ್ನು ನಮ್ಮ ಕರಾವಳಿಯವರೇ ಎಂದೋ ತೋರಿಸಿದ್ದಾರೆ. 1925ರಲ್ಲಿ ಉಡುಪಿಯಲ್ಲಿ ಡಾ. ಟಿ.ಎಂ.ಎ. ಪೈ, ಉಪೇಂದ್ರ ಪೈ, ವಾಮನ ಕುಡ್ವ ಅವರು ಕಷ್ಟಕ್ಕೆ ಸಿಕ್ಕಿದ ಕೈಮಗ್ಗದ ನೇಕಾರರನ್ನು ಕಣ್ಣ ಮುಂದಿಟ್ಟುಕೊಂಡು ಒಂದು ಬ್ಯಾಂಕು ಶುರು ಮಾಡಿದರು. ಅದೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು, 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ಸೇರಿತು. 1928ರಲ್ಲಿ ಅವರು ತಂದ ಪಿಗ್ಮಿ ಠೇವಣಿಯಲ್ಲಿ ದಿನಕ್ಕೆ ಎರಡಾಣೆ ಕೊಟ್ಟರೂ ಸಾಕಿತ್ತು, ಏಜೆಂಟ್ ಮನೆ ಬಾಗಿಲಿಗೇ ಬರುತ್ತಿದ್ದ. ಭಾವನೆ ಉಕ್ಕಿದ ದಿನ ಐದು ಸಾವಿರ ಕೊಟ್ಟು ಮರೆಯುವ ಬದಲು ತಿಂಗಳಿಗೆ ನೂರು ರೂಪಾಯಿ ಕೊಡಿ. ಮುನ್ನೂರು ಮನೆಯಿಂದ ವರ್ಷಕ್ಕೆ ಮೂರು ಲಕ್ಷ ಅರವತ್ತು ಸಾವಿರ. ಯಾವ ವರ್ಷವೂ ಅನಾಹುತ ಆಗದಿರಲಿ, ಆಗ ಅದು ಬೆಳೆಯುತ್ತದೆ. ಆದಾಗ, ಮೊದಲ ಆರು ತಿಂಗಳು ಮುಟ್ಟಬಾರದು ಎಂಬ ಷರತ್ತು ಇರಲಿ. ಆ ಆರು ತಿಂಗಳು ಬೇರೆಯವರ ಲಾರಿಗಳು ಇರುತ್ತವೆ.

ಠೇವಣಿಯಲ್ಲಿರುವ ಹಣವನ್ನು ಈ ನಿಧಿಯ ಮೊದಲ ಕಂತಾಗಿ ಮಾಡಬೇಕು, ಉಳುವರೆಯಲ್ಲಿ ಈಗ ಏನು ಬೇಕಾಗಿದೆ ಎಂದು ಕೇಳಿ ತಿಳಿಯಲು ಇಬ್ಬರನ್ನು, ಬರಿಗೈಯಲ್ಲಿ, ಕಳುಹಿಸಬೇಕು, ಸದಸ್ಯರ ಪಟ್ಟಿಯಲ್ಲಿ ಹೆಸರಿನ ಮುಂದೆ ಕಸುಬು ಮತ್ತು ವರ್ಷಕ್ಕೆ ಕೊಡಬಲ್ಲ ದಿನಗಳು ಎಂಬ ಎರಡು ಕಲಂ ಸೇರಿಸಬೇಕು ಎಂದು ನಿರ್ಣಯದ ಕರಡು ಬರೆದು ಕಾರ್ಯದರ್ಶಿಗಳಿಗೆ ಕೊಟ್ಟಿದ್ದೇನೆ. ಅನುಮೋದಕರ ಜಾಗ ಇನ್ನೂ ಖಾಲಿ ಇದೆ. ಧ್ವನಿವರ್ಧಕಕ್ಕೆ ಬೇರೆ ಚಂದಾ ಎತ್ತುವುದಾದರೆ ನನ್ನ ಹೆಸರನ್ನು ಮೊದಲು ಬರೆದುಕೊಳ್ಳಿ.